ಸರ್ವರ್ ಡಿಸ್ಕಿಗೆ ಎಂಥ ಡಬ್ಬಿ?

ಡೇಟಾ ಸೆಂಟರುಗಳಲ್ಲಿ ಕೆಲವು ವರ್ಷ ದುಡಿದು ಹೊರಬಿದ್ದ ಹಾರ್ಡ್ ಡಿಸ್ಕುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬರುತ್ತವೆ. ಮದುವೆ ವಿಡಿಯೋ ಮಾಡುವವರು, ಸ್ಟುಡಿಯೋದವರು, ಹಳೆಯ ಸಿನಿಮಾ ಕೂಡಿಡುವ ಹವ್ಯಾಸಿಗಳು ಅವನ್ನು ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವುದುಂಟು. ಡಿಸ್ಕಿನ ಬೆಲೆಗೆ ಚೌಕಾಸಿ ಮಾಡುವ ಉತ್ಸಾಹದಲ್ಲಿ, ಅದನ್ನು ಕೂರಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸುವ ಕೇಸಿನ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಅಂಗಡಿಯವರು ಕೊಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಬರುತ್ತಾರೆ.

ಮೊದಲು ಡಿಸ್ಕನ್ನು ತಿರುಗಿಸಿ ಅದರ ಬಾಯಿ ನೋಡಿ. ಸರ್ವರ್ ಡಿಸ್ಕಿನಲ್ಲಿ ಎರಡು ಜಾತಿ: ಸ್ಯಾಟಾ, ಸ್ಯಾಸ್. ಸ್ಯಾಟಾದಲ್ಲಿ ಡೇಟಾಕ್ಕೆ 7 ಪಿನ್ನಿನ ಚಿಕ್ಕ ಪಟ್ಟಿ, ಕರೆಂಟಿಗೆ 15 ಪಿನ್ನಿನ ಉದ್ದ ಪಟ್ಟಿ, ನಡುವೆ ಖಾಲಿ ಜಾಗ. ಸ್ಯಾಸ್‌ನಲ್ಲಿ ಆ ಖಾಲಿ ಜಾಗ ಪ್ಲಾಸ್ಟಿಕ್ಕಿನಿಂದ ಮುಚ್ಚಿರುತ್ತದೆ. ಹಾಗಾಗಿ ಸ್ಯಾಟಾ ಡಿಸ್ಕ್ ಸ್ಯಾಸ್ ಸಾಕೆಟ್ಟಿನಲ್ಲಿ ಕೂರುತ್ತದೆ, ಸ್ಯಾಸ್ ಡಿಸ್ಕ್ ಸ್ಯಾಟಾ ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಇದಕ್ಕೆಂದೇ ಒಂದು ಅಗ್ಗದ ಕನ್ವರ್ಟರ್ ಸಿಗುತ್ತದೆ. ಅದನ್ನು ಸಿಕ್ಕಿಸಿದರೆ ಡಿಸ್ಕ್ ಒಳಗೇನೋ ಹೋಗುತ್ತದೆ, ಆದರೆ ಎರಡರ ಭಾಷೆಯೇ ಬೇರೆಯಾದ್ದರಿಂದ ಕಂಪ್ಯೂಟರಿಗೆ ಏನೂ ಕಾಣಿಸುವುದಿಲ್ಲ. ಸ್ಯಾಸ್ ಬೇಕೆಂದರೆ ಡೆಸ್ಕ್‌ಟಾಪಿಗೆ ಪ್ರತ್ಯೇಕ ಕಂಟ್ರೋಲರ್ ಕಾರ್ಡು, ಅದಕ್ಕೆ ತಕ್ಕ ಕೇಬಲ್ಲು, ಪೆಟ್ಟಿಗೆ ಎಲ್ಲ ಬೇಕು. ಲ್ಯಾಪ್‌ಟಾಪ್ ಇಟ್ಟುಕೊಂಡವರು ಎಷ್ಟೇ ಸೋವಿಗೆ ಸಿಕ್ಕರೂ ಸ್ಯಾಸ್ ಡಿಸ್ಕ್ ಕೊಳ್ಳದಿರುವುದೇ ಲೇಸು.

ಇನ್ನು ಕರೆಂಟು. 3.5 ಇಂಚಿನ, ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕು. ನಿಂತಲ್ಲಿಂದ ತಿರುಗಲು ಶುರುಮಾಡುವ ಆ ಕೆಲವು ಸೆಕೆಂಡುಗಳಲ್ಲಿ ಅದು ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್ ಎಳೆಯಬಹುದು. ಯುಎಸ್‌ಬಿ 3.0 ಪೋರ್ಟು ಕೊಡುವುದು 5 ವೋಲ್ಟಿನಲ್ಲಿ 4.5 ವ್ಯಾಟ್. ಆದ್ದರಿಂದ ಅಡಾಪ್ಟರ್ ಇಲ್ಲದ ಕೇಸಿನ ಮಾತೇ ಬೇಡ. ಅಡಾಪ್ಟರಿನ ಬೆನ್ನ ಮೇಲಿನ ಬರಹವನ್ನೂ ಓದಿ. ‘12ವಿ 2ಎ’ ಎಂದಿದ್ದರೆ ಅದು ಅಂಚಿನ ಲೆಕ್ಕ, ಏಕೆಂದರೆ ಡಿಸ್ಕಿಗೆ ಬೇಕಾದ 5 ವೋಲ್ಟ್, ಕೇಸಿನ ಚಿಪ್, ಫ್ಯಾನು ಎಲ್ಲವೂ ಅದರಿಂದಲೇ ಉಣ್ಣಬೇಕು. ಒಂದು ಡಿಸ್ಕಿಗೆ 3 ಆಂಪಿಯರ್ ಇದ್ದರೆ ನೆಮ್ಮದಿ. ನಾಲ್ಕು ಡಿಸ್ಕಿನ ಪೆಟ್ಟಿಗೆಯಾದರೆ, ಎಲ್ಲವೂ ಒಟ್ಟಿಗೆ ಶುರುವಾದಾಗ ನೂರು ವ್ಯಾಟ್ ಹತ್ತಿರ ಹೋಗುತ್ತದೆ. ಒಂದಾದ ಮೇಲೊಂದರಂತೆ ಶುರುಮಾಡುವ ಪೆಟ್ಟಿಗೆ ಸಿಕ್ಕರೆ ಒಳ್ಳೆಯದು. ಅಡಾಪ್ಟರ್ ಸಾಲದೇ ಹೋದಾಗ ಡಿಸ್ಕ್ ಟಕ್ ಟಕ್ ಎನ್ನುತ್ತದೆ, ಕಾಪಿ ನಡುವೆ ಮಾಯವಾಗುತ್ತದೆ. ಆಗ ಬೈಸಿಕೊಳ್ಳುವುದು ಪಾಪದ ಡಿಸ್ಕು.

ಸರ್ವರಿನೊಳಗೆ ಈ ಡಿಸ್ಕುಗಳ ಮೇಲೆ ಫ್ಯಾನುಗಳು ಹಗಲೂ ರಾತ್ರಿ ಗಾಳಿ ಊದುತ್ತಿರುತ್ತವೆ. ಅಂಥದ್ದನ್ನು ಗಾಳಿಯಾಡದ ಪ್ಲಾಸ್ಟಿಕ್ ಕೇಸಿನಲ್ಲಿ ಹಾಕಿ ಐದಾರು ಗಂಟೆ ಕಾಪಿ ಹಚ್ಚಿದರೆ ಒಳಗೇ ಬೇಯುತ್ತದೆ. ಬಹುಪಾಲು ಸರ್ವರ್ ಡಿಸ್ಕುಗಳಿಗೆ ತಯಾರಕರು ಹೇಳುವ ಮೇಲಿನ ಮಿತಿ 60 ಡಿಗ್ರಿ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯ ಗಾಳಿಯೇ 40ರ ಹತ್ತಿರ ಇರುವಾಗ ಉಳಿಯುವ ಅಂತರ ಎಷ್ಟೆಂದು ನೀವೇ ನೋಡಿ. ಜೇಬಿನಲ್ಲಿ ಇರುವ ದುಡ್ಡು ಫ್ಯಾನಿಗೂ ಅಡಾಪ್ಟರಿಗೂ ಹೋಗಲಿ.

ಉಳಿಸಬೇಕಾದದ್ದು ವೇಗದಲ್ಲಿ. ತಿರುಗುವ ಡಿಸ್ಕು ಎಷ್ಟು ಒಳ್ಳೆಯದಾದರೂ ಸೆಕೆಂಡಿಗೆ 250–280 ಮೆಗಾಬೈಟ್ ದಾಟುವುದು ಅಪರೂಪ. 5 ಗಿಗಾಬಿಟ್ಟಿನ ಯುಎಸ್‌ಬಿ 3.0 ಅದನ್ನು ಆರಾಮಾಗಿ ಹೊರುತ್ತದೆ. ಒಂಟಿ ಡಿಸ್ಕಿಗೆ 10 ಗಿಗಾಬಿಟ್ಟಿನ ಕೇಸು ಕೊಂಡರೆ ಹಣ ದಂಡ. ಅದರ ಬದಲು ಡೇಟಾವನ್ನು ಚುರುಕಾಗಿ ಸಾಗಿಸುವ ಯುಎಎಸ್‌ಪಿ ಇದೆಯೇ, ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ಮಾಹಿತಿಯನ್ನು ಕೇಸಿನ ಚಿಪ್ ಕಂಪ್ಯೂಟರಿಗೆ ದಾಟಿಸುತ್ತದೆಯೇ ಎಂದು ಕೇಳಿ. ಹಳೆಯ ಡಿಸ್ಕ್ ಎಷ್ಟು ಗಂಟೆ ಓಡಿದೆ, ಹಾಳಾದ ಸೆಕ್ಟರ್ ಎಷ್ಟಿವೆ ಎಂಬುದು ಗೊತ್ತಾಗುವುದು ಅದರಿಂದಲೇ.

ಕೆಲವು ಹೊಸ ಡಿಸ್ಕುಗಳದ್ದು ಇನ್ನೊಂದು ವಿಚಿತ್ರ. 2016ರಲ್ಲಿ ಬಂದ ಸ್ಯಾಟಾ 3.3 ನಿಯಮದಲ್ಲಿ ಕರೆಂಟು ಪಟ್ಟಿಯ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಅಲ್ಲಿ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್. ಸಾವಿರಾರು ಡಿಸ್ಕುಗಳ ನಡುವೆ ಕೆಟ್ಟುನಿಂತ ಒಂದನ್ನು ದೂರದಿಂದಲೇ ಮತ್ತೆ ಎಬ್ಬಿಸಲು ಮಾಡಿದ ಉಪಾಯ ಇದು. ನಿಮ್ಮ ಕೇಸು ಆ ಪಿನ್ನಿಗೆ 3.3 ವೋಲ್ಟ್ ಕೊಡುತ್ತಿದ್ದರೆ ಡಿಸ್ಕ್ ಅಲುಗುವುದೇ ಇಲ್ಲ. ಆಗ ಆ ಪಿನ್ನಿನ ಮೇಲೆ ಕಾಪ್ಟನ್ ಟೇಪಿನ ಚೂರು ಅಂಟಿಸಿ ಕೆಲಸ ತೆಗೆಯುತ್ತಾರೆ.

ಹಲವು ಡಿಸ್ಕಿನ ಪೆಟ್ಟಿಗೆಗಳಲ್ಲಿ, ಡಿಸ್ಕುಗಳನ್ನೆಲ್ಲ ಒಂದಾಗಿ ಜೋಡಿಸುವ ರೇಯ್ಡ್ ಸ್ವಿಚ್ಚೂ ಇರುತ್ತದೆ. ನನ್ನ ಮಾತು ಕೇಳುವುದಾದರೆ ಅದನ್ನು ಮುಟ್ಟಬೇಡಿ. ಅದನ್ನು ಹಾಕಿದರೆ ಡೇಟಾವನ್ನು ಪೆಟ್ಟಿಗೆ ತನ್ನದೇ ಕ್ರಮದಲ್ಲಿ ಹಂಚಿ ಬರೆಯುತ್ತದೆ. ಪೆಟ್ಟಿಗೆ ಕೆಟ್ಟ ದಿನ ಅದೇ ಮಾಡೆಲ್ ಹುಡುಕುತ್ತಾ ಅಲೆಯಬೇಕಾದೀತು. ರೇಯ್ಡ್ ಇಲ್ಲದ ಒಂಟಿ ಕೇಸುಗಳಲ್ಲೂ ಕೆಲವು, 512 ಬೈಟಿನ ಸೆಕ್ಟರನ್ನು ಕಂಪ್ಯೂಟರಿಗೆ 4096 ಎಂದು ತೋರಿಸುತ್ತವೆ. ಅಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ಬಿಚ್ಚಿ ನೇರವಾಗಿ ಮದರ್‌ಬೋರ್ಡಿಗೆ ಹಾಕಿದರೆ ಖಾಲಿಯಂತೆ ಕಾಣುತ್ತದೆ. ಹಾಗಾಗಿ ಕೇಸು ತಂದ ದಿನವೇ ನಾಲ್ಕು ಫೈಲು ಕಾಪಿ ಮಾಡಿ, ಡಿಸ್ಕ್ ಬಿಚ್ಚಿ, ಯಾರದಾದರೂ ಡೆಸ್ಕ್‌ಟಾಪಿಗೆ ನೇರವಾಗಿ ಸಿಕ್ಕಿಸಿ ನೋಡಿ. ಫೈಲು ತೆರೆದರೆ ಕೇಸನ್ನು ಇಟ್ಟುಕೊಳ್ಳಿ. ತೆರೆಯದಿದ್ದರೆ ಬಿಲ್ಲು ಕೈಯಲ್ಲಿರುವಾಗಲೇ ಅಂಗಡಿಗೆ ವಾಪಸ್ ಕೊಡಿ.