ನಿಮಗಿದು ಗೊತ್ತೆ? ಹುಲ್ಲಿನೊಳಗಿನ ಶಿಲೀಂಧ್ರದ ಬಿಸಿ ಜೇಡಕ್ಕೂ ತಟ್ಟುತ್ತದೆ

ನ್ಯೂಜಿಲೆಂಡಿನಲ್ಲಿ ದನ-ಕುರಿಗಳು ಮೇಯುವ ರೈಗ್ರಾಸ್ ಹುಲ್ಲಿನೊಳಗೆ ಎಪಿಕ್ಲೋಯಿ ಎಂಬ ಶಿಲೀಂಧ್ರ ವಾಸವಾಗಿರುತ್ತದೆ. ಹೊರಗಿನಿಂದ ನೋಡಿದರೆ ಒಂದು ಚುಕ್ಕೆಯೂ ಕಾಣದು. ಎಲೆಬುಡದ ತೆಳುಸಿಪ್ಪೆ ಸುಲಿದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮಾತ್ರ ಜೀವಕೋಶಗಳ ನಡುವೆ ಹರಿದ ಅದರ ನೂಲೆಳೆಗಳು ಕಾಣುತ್ತವೆ. ಬೀಜದೊಳಗೆ ಕೂತೇ ಅದು ಮುಂದಿನ ಪೀಳಿಗೆಗೆ ದಾಟುತ್ತದೆ.

ಹುಲ್ಲು ಕೊಡುವ ಆಹಾರಕ್ಕೆ ಪ್ರತಿಯಾಗಿ ಅದು ಪೆರಮಿನ್‌ನಂಥ ರಾಸಾಯನಿಕ ತಯಾರಿಸುತ್ತದೆ. ಕಾಂಡ ಕೊರೆಯುವ ಅರ್ಜೆಂಟೀನಾ ಮೂತಿಹುಳು ಅಂಥ ಹುಲ್ಲನ್ನು ಮುಟ್ಟಲು ಹಿಂಜರಿಯುತ್ತದೆ. ರೈತರಿಗೆ ಇದು ದೊಡ್ಡ ಲಾಭವೇ. ಆದರೆ ಪೆಟ್ಟು ಮಿತ್ರಕೀಟಗಳಿಗೂ ಬೀಳುತ್ತದೆ. ಇದೇ ಮೂತಿಹುಳುವಿನ ಹತೋಟಿಗೆಂದು 1991ರಲ್ಲಿ ದಕ್ಷಿಣ ಅಮೆರಿಕದಿಂದ ತಂದು ಬಿಟ್ಟ ಪುಟ್ಟ ಕಣಜವೊಂದಿದೆ. ಶಿಲೀಂಧ್ರವಿರುವ ಹುಲ್ಲು ತಿಂದ ಮೂತಿಹುಳುವಿನ ಮೈಯೊಳಗೆ ಆ ಕಣಜದ ಮರಿಹುಳು ನಿಧಾನವಾಗಿ ಬೆಳೆಯುತ್ತದೆ. ಅಂಥ ಹುಲ್ಲಿನ ಸಸ್ಯಹೇನು ತಿಂದ ಗುಲಗಂಜಿ ಹುಳುಗಳ ಸಂತಾನ ಕುಗ್ಗಿದ್ದೂ ಪ್ರಯೋಗಗಳಲ್ಲಿ ಕಂಡಿದೆ. ಅಮೆರಿಕದ ಇಂಡಿಯಾನಾದಲ್ಲಿ ಶಿಲೀಂಧ್ರಸಹಿತ ಫೆಸ್ಕ್ಯೂ ಹುಲ್ಲಿನ ತಾಕುಗಳಲ್ಲಿ, ಹುಲ್ಲನ್ನೇ ತಿನ್ನದ ಜೇಡಗಳ ಬಗೆಗಳೂ ಕಡಿಮೆಯಾಗಿದ್ದವು. ನನಗೆ ಅತ್ಯಂತ ಮುಖ್ಯವೆನಿಸುವುದು ಇದೇ.

ರೈಗ್ರಾಸ್‌ನ ಈ ಶಿಲೀಂಧ್ರ ಕುರಿಗಳಿಗೆ ನಡುಕ ತರುವ ಲೊಲಿಟ್ರೆಮ್-ಬಿ ವಿಷವನ್ನೂ ತಯಾರಿಸುತ್ತದೆ; ಆ ವಿಷವನ್ನು ತಯಾರಿಸದ ಎಆರ್1 ಎಂಬ ಶಿಲೀಂಧ್ರ ತಳಿ ಈಗ ಬಳಕೆಯಲ್ಲಿದೆ. ಪೆರಮಿನ್ ಮಾತ್ರ ಅದರಲ್ಲೂ ಇದೆ.