ಮುತ್ಯಾನ ಮಾತು, ಕೂಲರ್ ಗದ್ದಲ

ಮನೆಯ ವಿಡಿಯೊಗಳಲ್ಲಿ ಮುಖ ಕಾಣುತ್ತದೆ, ಮಾತು ಕೇಳುವುದಿಲ್ಲ. ಬೀದರ್, ಭಾಲ್ಕಿ, ಔರಾದಗಳ ಗದ್ದಲದ ನಡುವೆ ಹಿರಿಯರ ದನಿಯನ್ನು ಉಳಿಸಿಕೊಳ್ಳುವುದು ಹೇಗೆ?

ಏಪ್ರಿಲ್ ಬಂತೆಂದರೆ ಬೀದರ್‌ನ ಮನೆಗಳಲ್ಲಿ ಕೂಲರ್‌ಗೆ ಬಿಡುವಿಲ್ಲ. ಬಿಸಿಲು 40 ಡಿಗ್ರಿ ಮುಟ್ಟಿದ ಮಧ್ಯಾಹ್ನ ಅದನ್ನು ಆರಿಸಿ ಎಂದರೆ ಯಾರೂ ಒಪ್ಪುವುದಿಲ್ಲ. ಬೆಂಗಳೂರು, ಹೈದರಾಬಾದ್, ಪುಣೆಗಳಿಂದ ಮಕ್ಕಳು ಮೊಮ್ಮಕ್ಕಳು ಊರಿಗೆ ಬರುವುದೂ ಅದೇ ರಜೆಯಲ್ಲಿ. ‘ಮುತ್ಯಾ, ನಿಜಾಮನ ಕಾಲದ ಕತಿ ಹೇಳು’ ಎಂದು ಮೊಬೈಲ್ ಹಿಡಿಯುವುದೂ ಆಗಲೇ. ವರ್ಷದಲ್ಲೇ ಹೆಚ್ಚು ಸದ್ದಿರುವ ದಿನಗಳಲ್ಲಿ ಮನೆಯ ಬೆಲೆಬಾಳುವ ವಿಡಿಯೊಗಳು ತಯಾರಾಗುತ್ತವೆ. ಆಮೇಲೆ ತೆರೆದು ನೋಡಿದರೆ ಮುತ್ಯಾನ ಮುಖದ ಗೆರೆ ಗೆರೆಯೂ ಸ್ಪಷ್ಟ. ಮಾತು ಮಾತ್ರ ಕೂಲರ್‌ನ ಭರಾಟೆಯಲ್ಲಿ ಅರ್ಧಂಬರ್ಧ.

ಈ ಭಾಗದಲ್ಲಿ ಇದು ಬರೀ ತಾಂತ್ರಿಕ ಕಿರಿಕಿರಿಯಲ್ಲ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್‌ನಲ್ಲಿ. ಬೀದರ್ ಕನ್ನಡ ನಾಡಿನ ಜೊತೆಗೂಡಿದ್ದು 1956ರಲ್ಲಿ. ಆ ದಿನಗಳನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಈಗ 80 ದಾಟಿದ್ದಾರೆ. ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ಅಂಥ ಕಾಲದಲ್ಲಿ ಅಕ್ಷರ ಕಲಿತವರ ಮಾತು, ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುವ ಔರಾದದ ಹಿರಿಯರ ವಾಕ್ಯ, ನಡುನಡುವೆ ಇಣುಕುವ ದಖನಿ ಉರ್ದು ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಇದ್ದರೆ ಮನೆಯವರ ಮೊಬೈಲ್‌ನಲ್ಲಿ ಇರಬೇಕು. ಅದು ಕೇಳುವಂತೆಯೂ ಇರಬೇಕು.

ಕಿವಿಗಿರುವ ಆಯ್ಕೆ ಮೈಕ್‌ಗಿಲ್ಲ

ಎದುರಿಗೆ ಕುಳಿತಾಗ ಮುತ್ಯಾನ ಮಾತು ನಮಗೆ ಚೆನ್ನಾಗಿಯೇ ಕೇಳಿರುತ್ತದೆ. ಎರಡು ಕಿವಿ ಮತ್ತು ಮಿದುಳು ಸೇರಿ ಬೇಕಾದ ದನಿಯನ್ನು ಹಿಡಿದು ಉಳಿದದ್ದನ್ನು ಹಿಂದಕ್ಕೆ ತಳ್ಳುತ್ತವೆ. ಗದ್ದಲದ ಕೂಟದಲ್ಲೂ ಒಬ್ಬರ ಮಾತನ್ನು ಹಿಂಬಾಲಿಸುವ ಈ ಶಕ್ತಿಯನ್ನು ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರಿ 1953ರಲ್ಲಿ ಪ್ರಯೋಗಗಳ ಮೂಲಕ ವಿವರಿಸಿದ್ದರು. ಮೊಬೈಲ್‌ನ ಮೈಕ್ ಹೀಗೆ ಆರಿಸುವುದಿಲ್ಲ. ಸಾಲದ್ದಕ್ಕೆ ಅನೇಕ ಫೋನ್‌ಗಳು ಸದ್ದು ಕಡಿಮೆಯಾದ ಕೂಡಲೇ ತಾವಾಗಿಯೇ ಮೈಕ್‌ನ ಗ್ರಹಿಕೆಯನ್ನು ಏರಿಸುತ್ತವೆ. ಮುತ್ಯಾ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಕೂಲರ್ ಸದ್ದು ಉಬ್ಬಿ ಬರುತ್ತದೆ.

ಇನ್ನೊಂದು ಸರಳ ಲೆಕ್ಕವಿದೆ. ಮಾತಾಡುವವರಿಂದ ಫೋನ್ ಎರಡು ಪಟ್ಟು ದೂರ ಹೋದರೆ ನೇರವಾಗಿ ಬರುವ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅದೇ ರೀತಿ 4 ಮೀಟರ್ ದೂರದ ಫೋನನ್ನು ಅರ್ಧ ಮೀಟರ್‌ಗೆ ತಂದರೆ ದನಿಗೆ 18 ಡೆಸಿಬೆಲ್ ಲಾಭ. ಕೂಲರ್ ಮಾತ್ರ ಫೋನಿನಿಂದ ಮೊದಲಿನಷ್ಟೇ ದೂರದಲ್ಲಿರಬೇಕು. ಈ 18ನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೋಗುವ ಸದ್ದು, ಹೋಗದ ಸದ್ದು

ಎಲ್ಲ ಗದ್ದಲವೂ ಒಂದೇ ಬಗೆಯದಲ್ಲ. ಕೂಲರ್, ಫ್ಯಾನ್, ಇನ್ವರ್ಟರ್, ಫ್ರಿಜ್‌ಗಳದು ಒಂದೇ ಸಮನೆ ಸಾಗುವ ಸದ್ದು. ಇದನ್ನು ತೆಗೆಯುವ ದಾರಿ ಹಳೆಯದು. 1979ರಲ್ಲಿ ಸ್ಟೀವನ್ ಬೋಲ್ ಎಂಬ ಎಂಜಿನಿಯರ್ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ಮಾತಿಲ್ಲದ ಕಡೆ ಬರೀ ಗದ್ದಲವನ್ನು ಅಳೆಯಿರಿ, ಯಾವ ಕಂಪನಾಂಕದಲ್ಲಿ ಅದು ಎಷ್ಟಿದೆಯೆಂದು ಗುರುತು ಹಾಕಿ, ಮಾತಿರುವ ಕಡೆ ಅಷ್ಟನ್ನು ಕಳೆಯಿರಿ. ಮೊರದಲ್ಲಿ ತೊಗರಿ ಕೇರಿದಂತೆ ಇದು. ಹೊಟ್ಟು ಹಾರುತ್ತದೆ, ಕಾಳಿನಷ್ಟೇ ತೂಕದ ಕಲ್ಲು ಮೊರದಲ್ಲೇ ಉಳಿಯುತ್ತದೆ.

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಈ ಕೆಲಸ ಕಷ್ಟವಲ್ಲ. 2000ನೇ ಇಸವಿಯಿಂದ ಚಾಲ್ತಿಯಲ್ಲಿರುವ ಇದು ಸಾಧಾರಣ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಮೊಬೈಲ್ ವಿಡಿಯೊ ನೇರವಾಗಿ ತೆರೆಯಲು ಎಫ್ಎಫ್ಎಂಪೆಗ್ ಎಂಬ ಸಹಾಯಕ ಕಡತ ಬೇಕಾದೀತು. ಮೊದಲು ಮೂಲ ವಿಡಿಯೊದ ಪ್ರತಿ ಮಾಡಿಕೊಳ್ಳಿ. ಪ್ರತಿಯನ್ನು ತೆರೆದು, ಯಾರೂ ಮಾತಾಡದ ಒಂದೆರಡು ಸೆಕೆಂಡ್ ಆಯ್ದು, ‘ನಾಯ್ಸ್ ರಿಡಕ್ಷನ್’ನಲ್ಲಿ ಗದ್ದಲದ ಗುರುತು ತೆಗೆದುಕೊಳ್ಳಿ. ನಂತರ ಇಡೀ ಧ್ವನಿಯನ್ನು ಆಯ್ದು 6ರಿಂದ 12 ಡೆಸಿಬೆಲ್‌ನಷ್ಟು ಮಾತ್ರ ಇಳಿಸಿ. ಅದೇ ಕಿಟಕಿಯಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆಯಿದೆ. ಅದನ್ನು ಒತ್ತಿದರೆ ತೆಗೆದು ಹಾಕಿದ್ದಷ್ಟೇ ಕೇಳುತ್ತದೆ. ಆ ಕಸದಲ್ಲಿ ಮುತ್ಯಾನ ಮಾತು ಗುರುತು ಸಿಗುವಷ್ಟು ಕೇಳಿಸಿದರೆ ನೀವು ಮಿತಿ ಮೀರಿದ್ದೀರಿ ಎಂದರ್ಥ.

ಮಿತಿ ಮೀರಿದರೆ ಮೊದಲು ಪೆಟ್ಟು ತಿನ್ನುವುದು ಸ, ಶ, ಹ, ಚ ಅಕ್ಷರಗಳು. ಗಾಳಿಯನ್ನು ಉಜ್ಜಿ ಹೊರಡಿಸುವ ಈ ದನಿಗಳು ಭೌತಿಕವಾಗಿ ಗದ್ದಲವನ್ನೇ ಹೋಲುತ್ತವೆ. ತಂತ್ರಾಂಶಕ್ಕೆ ‘ಸ್’ ಮತ್ತು ಕೂಲರ್‌ನ ಸುಯ್ ಎರಡರ ನಡುವೆ ಅಂತರ ಕಡಿಮೆ. ಹೀಗೆ ಅತಿಯಾಗಿ ಶುಚಿಯಾದ ದನಿ ನೀರಿನೊಳಗಿಂದ ಬಂದಂತೆ ಕಲಕಿರುತ್ತದೆ. ತುಸು ಕೂಲರ್ ಸದ್ದು ಉಳಿದರೂ ಪರವಾಗಿಲ್ಲ, ಮಾತು ಇಡಿಯಾಗಿರಲಿ.

ನಮ್ಮ ವಿದ್ಯುತ್ ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುವುದರಿಂದ ಮೋಟಾರ್, ಇನ್ವರ್ಟರ್ ಹತ್ತಿರ ತೆಗೆದ ವಿಡಿಯೊಗಳಲ್ಲಿ 50, 100, 150 ಹರ್ಟ್ಸ್‌ನ ಗುಂಯ್‌ಗುಡುವಿಕೆ ಇರುತ್ತದೆ. ‘ಹೈ ಪಾಸ್ ಫಿಲ್ಟರ್’ ಅನ್ನು 80 ಹರ್ಟ್ಸ್‌ಗೆ ಇಟ್ಟರೆ ತಳದ ಗುಂಯ್ ಹೋಗುತ್ತದೆ. ಅದಕ್ಕಿಂತ ತುಂಬಾ ಮೇಲೇರಿಸಿದರೆ ಗಂಡು ದನಿಯ ಗಾತ್ರವೂ ಕರಗುತ್ತದೆ.

ಜೆಟ್, ರೈಲು, ಗಾಳಿ, ಗುಮ್ಮಟ

ಬೀದರ್ ನಗರದ ಆಕಾಶದ ಕಥೆಯೇ ಬೇರೆ. ಇಲ್ಲಿನ ವಾಯುಪಡೆ ನೆಲೆ ಪೈಲಟ್‌ಗಳ ತರಬೇತಿ ತಾಣ. ವಿಮಾನ ಕಸರತ್ತಿನ ಸೂರ್ಯಕಿರಣ ತಂಡ ಹುಟ್ಟಿದ್ದು 1996ರಲ್ಲಿ ಇಲ್ಲೇ. ಹಾಕ್ ಜೆಟ್‌ಗಳು ಬಂದದ್ದು 2008ರಲ್ಲಿ. ಹತ್ತಿರ ಬರುತ್ತಾ ಏರಿ, ದೂರ ಹೋಗುತ್ತಾ ಇಳಿಯುವ ಜೆಟ್ ಸದ್ದಿಗೆ ಒಂದು ಸ್ಥಿರ ಗುರುತಿಲ್ಲ. ಹಾಗಾಗಿ ಕಳೆಯುವ ಲೆಕ್ಕ ಸೋಲುತ್ತದೆ. ಭಾಲ್ಕಿಯ ನಿಲ್ದಾಣದ ಬಳಿಯ ಮನೆಗಳಲ್ಲಿ ರೈಲಿನ ಹಾರ್ನ್‌ಗೂ ಇದೇ ಮಾತು. ಇದಕ್ಕೆ ತಂತ್ರಾಂಶಕ್ಕಿಂತ ತಾಳ್ಮೆಯೇ ಮೇಲು. ಸದ್ದು ದಾಟುವವರೆಗೆ ಸುಮ್ಮನಿದ್ದು, ‘ಮುತ್ಯಾ, ಅದನ್ನ ಇನ್ನೊಮ್ಮಿ ಹೇಳು’ ಎಂದರೆ ಆಯಿತು.

ಔರಾದದ ಹೊಲಗಳಲ್ಲಿ ತೊಂದರೆ ಕೊಡುವುದು ಗಾಳಿ. ವಿಡಿಯೊದಲ್ಲಿ ಕೇಳುವ ಡಬಡಬ ಸದ್ದು ದೂರದಿಂದ ಬಂದದ್ದಲ್ಲ, ಗಾಳಿ ಮೈಕ್‌ನ ತೂತಿಗೇ ಬಡಿದು ಹುಟ್ಟಿಸಿದ್ದು. ಬಡಿತ ಜೋರಾದರೆ ದನಿಯ ಅಲೆಯೇ ತುದಿಯಲ್ಲಿ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ್ದನ್ನು ಪೂರ್ತಿಯಾಗಿ ಮರಳಿ ತರುವ ತಂತ್ರಾಂಶವಿಲ್ಲ. ಸ್ಪಂಜಿನ ಟೊಪ್ಪಿಗೆ ಇರುವ ಕಾಲರ್ ಮೈಕ್, ಗೋಡೆಯ ಮರೆ, ಗಾಳಿಗೆ ಬೆನ್ನು ಹಾಕಿ ನಿಲ್ಲುವುದು ಇವೇ ಮದ್ದು.

ಬೀದರ್ ಕೋಟೆಯ ಕಮಾನುಗಳ ಕೆಳಗೆ, 1472ರ ಮಹಮೂದ್ ಗವಾನ್ ಮದರಸಾದ ಎತ್ತರದ ಗೋಡೆಗಳ ನಡುವೆ, ಬರೀದ್ ಶಾಹಿ ಗೋರಿಗಳ ಗುಮ್ಮಟದೊಳಗೆ ತೆಗೆದ ವಿಡಿಯೊಗಳಲ್ಲಿ ಗದ್ದಲಕ್ಕಿಂತ ಪ್ರತಿಧ್ವನಿಯ ಕಾಟ ಹೆಚ್ಚು. ಮಾತಾಡಿದವರ ದನಿಯೇ ಗೋಡೆಗೆ ಬಡಿದು ತಡವಾಗಿ ಮರಳಿದ್ದನ್ನು ಅವರ ಮಾತಿನಿಂದ ಬೇರ್ಪಡಿಸುವುದು ಬಲು ಕಷ್ಟ. ಇಲ್ಲಿಯೂ ಫೋನ್ ಹತ್ತಿರ ಒಯ್ಯುವುದೇ ಉಪಾಯ.

ಎಐ ತೆಗೆಯುತ್ತದೆ, ಏನನ್ನು?

ಈಗ ಯಂತ್ರಕ್ಕೇ ಮಾತು ಯಾವುದು, ಗದ್ದಲ ಯಾವುದು ಎಂದು ಕಲಿಸಲಾಗಿದೆ. 2017ರಲ್ಲಿ ಆರ್‌ಎನ್‌ನಾಯ್ಸ್ ಎಂಬ ಮುಕ್ತ ತಂತ್ರಾಂಶ ಈ ದಾರಿಯನ್ನು ಸಾಮಾನ್ಯ ಕಂಪ್ಯೂಟರ್‌ಗಳಿಗೂ ತಂದಿತು. ಗೂಗಲ್ 2023ರಲ್ಲಿ ಪಿಕ್ಸೆಲ್ 8ರೊಂದಿಗೆ, ಆ್ಯಪಲ್ 2024ರಲ್ಲಿ ಐಫೋನ್ 16ರೊಂದಿಗೆ ವಿಡಿಯೊದ ಸದ್ದುಗಳನ್ನು ಬೇರ್ಪಡಿಸುವ ಸೌಲಭ್ಯವನ್ನು ಫೋನಿನೊಳಗೇ ಕೊಟ್ಟವು. ಅಡೋಬಿಯ ‘ಎನ್‌ಹಾನ್ಸ್ ಸ್ಪೀಚ್’ನಂಥ ಆನ್‌ಲೈನ್ ಸೇವೆಗಳೂ ಇವೆ. ಬದಲಾಗುವ ಸದ್ದನ್ನೂ ಇವು ಒಂದು ಮಟ್ಟಿಗೆ ಅಳಿಸುತ್ತವೆ.

ಆದರೆ ಎಚ್ಚರ ಬೇಕು. ಮಾತಿಗೆಂದೇ ತರಬೇತಿ ಪಡೆದ ಎಐಗೆ ಭಜನೆಯ ತಾಳ, ತಬಲಾ, ಹಾರ್ಮೋನಿಯಂ ಗದ್ದಲವಾಗಿ ಕಂಡೀತು. ಮದುವೆಯ ಬಾಜಾ ಬಜಂತ್ರಿಯೂ, ಔರಾದದ ಅಮರೇಶ್ವರ ಜಾತ್ರೆಯ ಎತ್ತಿನ ಗಂಟೆಯೂ ಹಾಗೇ ಅಳಿಸಿ ಹೋದಾವು. ಇನ್ನು ಕೆಲವು ಸಾಧನಗಳು ಸರಿಯಾಗಿ ಕೇಳದ ಕಡೆ ತಾವೇ ಊಹಿಸಿ ತುಂಬುವುದುಂಟು. 1948ರ ನೆನಪು ಹೇಳುವ ಹಿರಿಯರ ಬಾಯಲ್ಲಿ ಅವರಾಡದ ದನಿ ಸೇರಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ಆನ್‌ಲೈನ್ ಸೇವೆಯೆಂದರೆ ಮನೆಯ ವಿಡಿಯೊ ಬೇರೆಯವರ ಸರ್ವರ್‌ಗೆ ಹೋಗುತ್ತದೆ ಎಂಬುದೂ ನೆನಪಿರಲಿ.

ಗದ್ದಲ ಸೇರುವ ಮುಂಚೆಯೇ

ಗದ್ದಲವನ್ನು ಆಮೇಲೆ ತೆಗೆಯುವುದಕ್ಕಿಂತ ಮುಂಚೆಯೇ ತಡೆಯಬೇಕೆಂಬ ಪಾಠ ಧ್ವನಿಮುದ್ರಣದ ಲೋಕಕ್ಕೆ ಹೊಸದಲ್ಲ. ಎಂಜಿನಿಯರ್ ರೇ ಡಾಲ್ಬಿ ಯುನೆಸ್ಕೊ ಸಲಹೆಗಾರರಾಗಿ ಚಂಡೀಗಢದಲ್ಲಿ ಕೆಲಸ ಮಾಡಿ, 1965ರಲ್ಲಿ ಲಂಡನ್‌ನಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದರು. ಟೇಪಿನ ‘ಸ್ಸ್’ ಸದ್ದಿಗೆ ಅವರು ಕಂಡುಕೊಂಡ ಪರಿಹಾರ ಮುದ್ರಣದ ಹಂತದಲ್ಲೇ ಶುರುವಾಗುತ್ತದೆ. ಸಣ್ಣ ದನಿಗಳನ್ನು ಹಿಗ್ಗಿಸಿ ಟೇಪಿಗೆ ತುಂಬುವುದು, ಕೇಳುವಾಗ ಮತ್ತೆ ಕುಗ್ಗಿಸುವುದು. ಕುಗ್ಗಿಸುವಾಗ ಟೇಪಿನ ಸದ್ದೂ ಜೊತೆಗೇ ಇಳಿಯುತ್ತಿತ್ತು. ಹಾಗೆ ಮುದ್ರಿಸದ ಟೇಪಿಗೆ ಆಮೇಲೆ ಅದರಿಂದ ಉಪಯೋಗವಿಲ್ಲ.

ಮನೆಯಲ್ಲಿ ಇದನ್ನು ಪಾಲಿಸುವುದು ಸುಲಭ. ಒಂದು ಫೋನ್‌ನಲ್ಲಿ ವಿಡಿಯೊ ತೆಗೆಯಿರಿ. ಇನ್ನೊಂದರಲ್ಲಿ ರೆಕಾರ್ಡರ್ ಹಚ್ಚಿ ಮುತ್ಯಾನ ಅಂಗಿಯ ಕಿಸೆಯಲ್ಲೋ ಎದುರಿನ ಸ್ಟೂಲ್ ಮೇಲೋ ಇಡಿ. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎರಡನ್ನೂ ಆಮೇಲೆ ಹೊಂದಿಸಬಹುದು. ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಿ. ತಂತ್ರಾಂಶಕ್ಕೆ ಬೇಕಾದ ಗದ್ದಲದ ಗುರುತು ಅಲ್ಲಿ ಸಿಗುತ್ತದೆ. ಸಾಧ್ಯವಾದರೆ ಬೆಳಗ್ಗೆ ತಂಪಿನಲ್ಲಿ, ಕೂಲರ್ ಹಚ್ಚುವ ಮುನ್ನ ಕೂರಿಸಿ. ವಿಡಿಯೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಧ್ವನಿಯೂ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ. ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಮೊದಲು ಇದ್ದ ಹಾಗೇ ಡಿಜಿಟಲ್‌ಗೆ ಇಳಿಸಿ, ಸ್ವಚ್ಛ ಮಾಡುವುದು ಆಮೇಲಿರಲಿ.

ಫೋನನ್ನು ಹತ್ತಿರ ತಂದಾಗ ಸಿಕ್ಕ 18 ಡೆಸಿಬೆಲ್ ಲಾಭಕ್ಕೆ ಖರ್ಚಿಲ್ಲ, ಅಡ್ಡ ಪರಿಣಾಮವೂ ಇಲ್ಲ. ಆಡಾಸಿಟಿಯಿಂದ ಮಾತಿಗೆ ಧಕ್ಕೆಯಾಗದಂತೆ ತೆಗೆಯಬಹುದಾದದ್ದು ಇದಕ್ಕಿಂತ ಕಡಿಮೆ. ತಂತ್ರಾಂಶ ಎರಡನೆಯ ಮದ್ದು, ಹತ್ತಿರ ಕೂರುವುದೇ ಮೊದಲನೆಯದು. ನಿಮ್ಮ ಫೋನಿನಲ್ಲಿ ಈಗಾಗಲೇ ಗದ್ದಲದ ವಿಡಿಯೊಗಳಿದ್ದರೆ ಕೇಳುವುದಿಲ್ಲವೆಂದು ಅಳಿಸಬೇಡಿ. ಇಂದು ಬೇರ್ಪಡದ ದನಿ ನಾಳಿನ ಸಾಧನಕ್ಕೆ ಸಿಗಬಹುದು. ಸ್ವಚ್ಛ ಮಾಡಿದ ಪ್ರತಿಯ ಜೊತೆ ಮೂಲವನ್ನೂ ಎರಡು ಕಡೆ ಕಾಪಿಡಿ. ಮುಂದಿನ ಸಲ ಊರಿಗೆ ಹೋದಾಗ ಮೊದಲು ಕೂಲರ್ ಆರಿಸಿ, ಆಮೇಲೆ ಮುತ್ಯಾನನ್ನು ಮಾತಿಗೆಳೆಯಿರಿ.