ಗಣಿಯನ್ನು ಮೀರಿ ಬಾಳಿದ ಕಾರ್ಖಾನೆ

ನೂರಾರು ಕೈಗಳು ಗುದ್ದಲಿ, ಪಿಕಾಸಿ ಹಿಡಿದು ದಿನಗಟ್ಟಲೆ ನಡೆಸುತ್ತಿದ್ದ ಕೆಲಸವನ್ನು ಇಂದು ಬುಲ್‌ಡೋಜರೊಂದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಈ ಯಂತ್ರವಿದ್ಯೆ ಕನ್ನಡ ನಾಡಿಗೆ ಬಂದ ದಾರಿಯನ್ನು ಅರಸುತ್ತ ಹೊರಟವರು ಜಪಾನಿನ ಒಂದು ತಾಮ್ರದ ಗಣಿಯವರೆಗೆ ಹೋಗಬೇಕಾಗುತ್ತದೆ.

ಇಶಿಕಾವಾ ಪ್ರಾಂತದ ಕೊಮಾತ್ಸು ಪಟ್ಟಣದ ಬಳಿ ಯುಸೆಂಜಿ ಎಂಬ ಗಣಿಯಿತ್ತು. ಅದನ್ನು ನಡೆಸುತ್ತಿದ್ದ ತಾಕೆಯುಚಿ ಮನೆತನದ ಮೇತಾರೊ ಅವರು, ಮುಂದೆ ಜಪಾನಿನ ಪ್ರಧಾನಿಯಾದ ಯೋಶಿದಾ ಶಿಗೆರು ಅವರ ಅಣ್ಣ. ಗಣಿಗೆ ಬೇಕಾದ ಯಂತ್ರೋಪಕರಣಗಳನ್ನು ತಯಾರಿಸಲೆಂದು 1917ರಲ್ಲಿ ತೆರೆದ ಕಬ್ಬಿಣದ ಕಾರ್ಖಾನೆಯೇ 1921ರಲ್ಲಿ ಕೊಮಾತ್ಸು ಎಂಬ ಸ್ವತಂತ್ರ ಸಂಸ್ಥೆಯಾಯಿತು. ಆ ಹೆಸರಿಗೆ 'ಪುಟ್ಟ ಪೈನ್ ಮರ' ಎಂದರ್ಥ! 1931ರಲ್ಲಿ ಅಲ್ಲಿ ಕೃಷಿ ಟ್ರಾಕ್ಟರು ಸಿದ್ಧವಾಯಿತು. ಮಹಾಯುದ್ಧದ ಕಾಲದಲ್ಲಿ ಬುಲ್‌ಡೋಜರು ಹುಟ್ಟಿತು. ಯುದ್ಧಾನಂತರ ಧ್ವಂಸಗೊಂಡ ದೇಶದ ಪುನರ್ನಿರ್ಮಾಣಕ್ಕೆ ಇವೇ ಯಂತ್ರಗಳು ನೆರವಾದವು.

1961ರಲ್ಲಿ ಸಂಸ್ಥೆಗೆ ಕಂಟಕವೊದಗಿತು. ಅಮೆರಿಕದ ಕ್ಯಾಟರ್‌ಪಿಲ್ಲರ್ ಸಂಸ್ಥೆಯು ಮಿತ್ಸುಬಿಷಿಯೊಡನೆ ಕೈಗೂಡಿಸಿ ಜಪಾನಿಗೇ ಬರುವುದೆಂಬ ವಾರ್ತೆ ಹಬ್ಬಿತು. ಕೊಮಾತ್ಸುವಿನ ಯಂತ್ರಗಳಿಗೆ ಅವುಗಳಷ್ಟು ಬಾಳಿಕೆಯಿರಲಿಲ್ಲ. ಆಗ ಸಂಸ್ಥೆಯವರು ಖರ್ಚಿನ ಲೆಕ್ಕವನ್ನು ಬದಿಗಿಟ್ಟು, ಗುಣಮಟ್ಟವೊಂದನ್ನೇ ವ್ರತವಾಗಿ ಹಿಡಿದರು. 1964ರಲ್ಲಿ ಗುಣಮಟ್ಟಕ್ಕಾಗಿ ನೀಡುವ ಡೆಮಿಂಗ್ ಪ್ರಶಸ್ತಿ ಅವರಿಗೆ ಲಭಿಸಿತು.

ಅದೇ 1964ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆ ಸ್ಥಾಪಿತವಾಯಿತು. ಕೊಮಾತ್ಸುವಿನ ತಾಂತ್ರಿಕ ಸಹಯೋಗದಿಂದ ಅದರ ಬುಲ್‌ಡೋಜರುಗಳು ರೂಪುಗೊಂಡವು. ಅವುಗಳ ತಯಾರಿಕೆಗೆ ನೆಲೆಯಾದದ್ದು ಕೋಲಾರದ ಚಿನ್ನದ ಗಣಿಯ ಊರು. ಮುಂದೆ 1998ರಲ್ಲಿ ಕೊಮಾತ್ಸುವು ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯೊಡನೆ ಪಾಲುದಾರಿಕೆಯನ್ನೂ ಮಾಡಿಕೊಂಡಿತು. ಬೆಂಗಳೂರಿನಲ್ಲಿ ಅಗೆತದ ಯಂತ್ರಗಳನ್ನು ತಯಾರಿಸಿದ ಆ ಪಾಲುದಾರಿಕೆ 2013ರಲ್ಲಿ ಕೊನೆಗೊಂಡಿತು.

ವಿಧಿಯ ವೈಚಿತ್ರ್ಯವನ್ನು ನೋಡಿ! ಯುಸೆಂಜಿಯ ಗಣಿ ಮುಚ್ಚಿತು. ಅದರ ಮಗ್ಗುಲಲ್ಲಿ ಹುಟ್ಟಿದ ಕಾರ್ಖಾನೆ ಲೋಕವಿಖ್ಯಾತವಾಯಿತು. ಕೋಲಾರದ ಚಿನ್ನದ ಗಣಿಯೂ 2001ರ ಫೆಬ್ರವರಿ 28ರಂದು ಮುಚ್ಚಿತು. ಯಂತ್ರಗಳ ಕಾರ್ಖಾನೆ ಉಳಿಯಿತು. ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು ದುಡಿದ ಜನರ ಸಂತತಿಯಲ್ಲಿ ಎಲ್ಲರಿಗೂ ಒಂದು ಕಾರ್ಖಾನೆ ಅನ್ನವಿಡಲಾರದು. ಅನೇಕರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು.

ನೆಲದೊಳಗಣ ಸಂಪತ್ತು ಒಂದು ದಿನ ಬರಿದಾಗುವಂಥದು. ಕೈಗೆ ಹತ್ತಿದ ವಿದ್ಯೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ. ಗಣಿಯಿರುವಾಗಲೇ ಅದರ ಬದಿಯಲ್ಲಿ ಒಂದು ಕುಲುಮೆಯನ್ನು ಹೊತ್ತಿಸಿಟ್ಟ ಊರು ನಿಜವಾಗಿ ಜಾಣ ಊರು.